ಊರ್‌ಕೂಡುವ ದಿನಕ್ಕೊಂದು ಕಿತ್ತಳೆ ಪಾನಕ

ಪ್ರಶ್ನೆ: ನಮ್ಮದು ಕೊಡಗಿನ ನಾಪೋಕ್ಲು ಸಮೀಪದ ಸಣ್ಣ ಕಾಫಿ ತೋಟ. ಡಿಸೆಂಬರ್ ಕೊನೆಗೆ ತಂಗಿಯ ಮದುವೆ. ಊರ್‌ಕೂಡುವ ದಿನ, ಅಂದರೆ ಮದುವೆಯ ಹಿಂದಿನ ದಿನ ಊರವರೆಲ್ಲ ಸೇರುವಾಗ, ಕುಡಿಯುವವರಿಗೆ ಬೇಕಾದದ್ದೆಲ್ಲ ಇರುತ್ತದೆ. ಕುಡಿಯದ ಹಿರಿಯರಿಗೆ, ಮಕ್ಕಳಿಗೆ, ಗರ್ಭಿಣಿ ಅತ್ತಿಗೆಗೆ ಮಾತ್ರ ಅಂಗಡಿಯ ಬಣ್ಣದ ನೀರು. ಈ ಸಲ ಅವರಿಗೂ ಮನೆಯದೇ ಒಳ್ಳೆಯ ಪಾನೀಯ ಕೊಡಬೇಕೆಂದು ಪ್ರಯೋಗ ಮಾಡಿದೆ. ತೋಟದ ಕಿತ್ತಳೆಯನ್ನು ಮಿಕ್ಸಿಗೆ ಹಾಕಿ ಒಂದು ಲೀಟರ್ ರಸ ತೆಗೆದೆ. ಎರಡು ಲೀಟರ್ ನೀರು, ಒಂದು ಕಿಲೋ ಸಕ್ಕರೆ, ಮಜ್ಜಿಗೆ ಹುಲ್ಲು, ಪುದೀನ, ದಾಸವಾಳ ಎಲ್ಲ ಸೇರಿಸಿ ಅರ್ಧ ಗಂಟೆ ಕುದಿಸಿ, ರಾತ್ರಿ ಆರಲು ಬಿಟ್ಟು, ಬೆಳಿಗ್ಗೆ ಬಾಟಲಿಗೆ ತುಂಬಿದೆ. ಅಷ್ಟರಲ್ಲೇ ಕಹಿಯಾಗಿತ್ತು, ಬಣ್ಣ ಕಂದಾಗಿತ್ತು. ಒಂಬತ್ತನೆಯ ದಿನ ಒಂದು ಬಾಟಲಿಯ ಮುಚ್ಚಳ ಹಾರಿ ಅಟ್ಟಕ್ಕೆ ಬಡಿಯಿತು. ಎಲ್ಲಿ ತಪ್ಪಿದೆ? ಎಂಬತ್ತು ಜನರಿಗೆ ಮಾಡುವುದು ಹೇಗೆ?

ಉತ್ತರ: ಉಳಿದ ಬಾಟಲಿಗಳು ಇನ್ನೂ ಅಡುಗೆಮನೆಯಲ್ಲಿದ್ದರೆ ಮೊದಲು ಅವುಗಳನ್ನು ಹೊರಗೆ ಒಯ್ಯಿರಿ. ದಪ್ಪ ಟವೆಲ್ ಸುತ್ತಿ, ಮುಖದಿಂದ ದೂರ ಹಿಡಿದು, ಮುಚ್ಚಳವನ್ನು ನಿಧಾನವಾಗಿ ಸಡಿಲಿಸಿ ಚರಂಡಿಗೆ ಸುರಿದುಬಿಡಿ. ಗಾಜಿನ ಬಾಟಲಿ ಒಡೆದರೆ ಕಣ್ಣಿಗೆ ಅಪಾಯ. ಮಕ್ಕಳ ಕೈಗೆ ಸಿಗುವ ಜಾಗದಲ್ಲಿ ಇಂದಿನ ರಾತ್ರಿಯೂ ಅವು ಇರಬಾರದು.

ನೀವು ಮಾಡಿದ್ದು ಪಾನಕ, ಒಂಬತ್ತು ದಿನದಲ್ಲಿ ಅದು ಎಳೆಯ ವೈನ್ ಆಯಿತು. ಕುದಿಸಿದಾಗ ರಸದಲ್ಲಿದ್ದ ಯೀಸ್ಟ್ ಸತ್ತಿರುತ್ತದೆ, ನಿಜ. ಆದರೆ ರಾತ್ರಿಯಿಡೀ ಆರಲು ಬಿಟ್ಟ ಪಾತ್ರೆಗೆ ಗಾಳಿಯಿಂದ, ಸೌಟಿನಿಂದ, ಬಾಟಲಿಯ ಒಳಗೋಡೆಯಿಂದ ಹೊಸ ಯೀಸ್ಟ್ ಬಂದು ಸೇರಿತು. ಹಣ್ಣು ಬೆಳೆಯುವ ಮನೆಯಲ್ಲಿ ಅದು ಎಲ್ಲೆಲ್ಲೂ ಇರುತ್ತದೆ. ನಿಮ್ಮ ಲೆಕ್ಕದಲ್ಲಿ ಒಂದು ಕಿಲೋ ಸಕ್ಕರೆ, ರಸದಲ್ಲೇ ಇದ್ದ ಸುಮಾರು ನೂರು ಗ್ರಾಂ ಸಕ್ಕರೆ, ಎಲ್ಲ ಸೇರಿ ನಾಲ್ಕು ಕಿಲೋ ದ್ರವ. ಅಂದರೆ ಸಕ್ಕರೆ ನೂರಕ್ಕೆ 27ರಷ್ಟು. ಯೀಸ್ಟಿಗೆ ಇದಕ್ಕಿಂತ ಒಳ್ಳೆಯ ಊಟ ಬೇರೆ ಇಲ್ಲ. ಸಕ್ಕರೆಯೇ ಕಾವಲು ಕಾಯಬೇಕಾದರೆ ತೂಕದಲ್ಲಿ ಅದು ನೂರಕ್ಕೆ 65 ದಾಟಬೇಕು. ಎರಡು ಕಿಲೋ ಸಕ್ಕರೆಗೆ ಒಂದು ಲೀಟರ್ ನೀರು ಎಂಬ ಹಳೆಯ ಅಳತೆ ಅಲ್ಲಿಗೇ ತಲುಪಿಸುತ್ತದೆ. ಸಮಸಮ ಹಾಕಿದ ಪಾಕ ಐವತ್ತರಲ್ಲೇ ನಿಲ್ಲುತ್ತದೆ, ಅದನ್ನು ಫ್ರಿಜ್ಜಿನಲ್ಲಿಟ್ಟು ವಾರದೊಳಗೆ ಮುಗಿಸಬೇಕು.

ಇನ್ನೊಂದು ಲೆಕ್ಕವನ್ನು ನಾನು ತರಬೇತಿಗೆ ಬಂದ ಪ್ರತಿಯೊಬ್ಬರಿಗೂ ಹೇಳುತ್ತೇನೆ. ಒಂದು ಲೀಟರ್ ಪಾನೀಯದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇಕಡಾ ಒಂದರಷ್ಟು ಆಲ್ಕೋಹಾಲ್ ಬರುತ್ತದೆ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಶೇ. 0.5 ದಾಟಿದರೆ ಅದು ಮದ್ಯದ ಸಾಲಿಗೆ ಸೇರುತ್ತದೆ. ಅಷ್ಟಕ್ಕೆ ಲೀಟರಿಗೆ ಎರಡು ಟೀ ಚಮಚ ಸಕ್ಕರೆ ಹುದುಗಿದರೆ ಸಾಕು! ಈಚೆಗೆ ಶುಂಠಿ ಸಕ್ಕರೆ ಹುದುಗಿಸಿ ಮನೆಯಲ್ಲೇ ಸೋಡಾದಂತೆ ಉಕ್ಕುವ ಪಾನೀಯ ಮಾಡುವವರು ಹೆಚ್ಚಾಗಿದ್ದಾರೆ. ಮಾಡಲಿ, ರುಚಿಯಾಗಿಯೂ ಇರುತ್ತದೆ. ಆದರೆ ಅದನ್ನು ‘ಮದ್ಯವಿಲ್ಲದ್ದು’ ಎಂದು ಹೇಳಿ ಗರ್ಭಿಣಿಯ ಕೈಗೆ, ಮಕ್ಕಳ ಕೈಗೆ, ಧರ್ಮದ ಕಾರಣಕ್ಕೆ ಕುಡಿಯದ ನೆಂಟರ ಕೈಗೆ ಕೊಡಬಾರದು. ಕುಡಿಯುವುದಿಲ್ಲ ಎಂದವರ ಮಾತನ್ನು ನಂಬಿ ಗೌರವಿಸುವುದು ಆತಿಥ್ಯದ ಮೊದಲ ಪಾಠ. ಕೊಡಗಿನಲ್ಲಿ ಮನೆಮನೆಯಲ್ಲೂ ವೈನ್ ಗೊತ್ತಿರುವುದರಿಂದ ಈ ಗೆರೆ ಸುಲಭವಾಗಿ ಅಳಿಸಿಹೋಗುತ್ತದೆ. ಆದ್ದರಿಂದಲೇ ನಿಮ್ಮ ಪ್ರಶ್ನೆ ಓದಿ ನನಗೆ ಬಹಳ ಸಂತೋಷವಾಯಿತು.

ಈಗ ಕಹಿಗೆ ಬರೋಣ. ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಕುದಿಸಿದ್ದು ನಿಮ್ಮ ಮೂಲ ತಪ್ಪು. ಹಣ್ಣು, ಸೊಪ್ಪು, ಹೂವು ಮೂರೂ ಪರಿಮಳ ಬಿಡುವ ಬಿಸಿ ಬೇರೆ, ಹೊತ್ತು ಬೇರೆ. ಹಣ್ಣಿಗೆ ಬೆಂಕಿ ಬೇಡ, ಸೊಪ್ಪಿಗೆ ಬಿಸಿನೀರು ಸಾಕು, ಹೂವಿಗೆ ಅದರಲ್ಲೂ ಐದೇ ನಿಮಿಷ. ಮೂರು ಪಾತ್ರೆ ಇಟ್ಟುಕೊಂಡು, ಬಡಿಸುವ ಹೊತ್ತಿಗೆ ಒಂದುಗೂಡಿಸಿ. ಇದೊಂದನ್ನು ಪಾಲಿಸಿದರೆ ಉಳಿದ ಅಳತೆಗಳಲ್ಲಿ ಸ್ವಲ್ಪ ಏರುಪೇರಾದರೂ ಪಾನಕ ಕೆಡುವುದಿಲ್ಲ.

ಕಿತ್ತಳೆಯ ಕಹಿಗೆ ಕಾರಣ ಲಿಮೋನಿನ್ ಎಂಬ ವಸ್ತು. ಇಡೀ ಹಣ್ಣಿನಲ್ಲಿ ಅದು ರುಚಿಯೇ ಇಲ್ಲದ ಬೇರೊಂದು ರೂಪದಲ್ಲಿ ಅಡಗಿರುತ್ತದೆ. ತೊಳೆ ಹರಿದು, ಒಳಗಿನ ಪೊರೆ ಹುಳಿರಸದಲ್ಲಿ ನೆಂದಾಗ ನಿಧಾನವಾಗಿ ಲಿಮೋನಿನ್ ಆಗಿ ಮಾರ್ಪಡುತ್ತದೆ. ಹಿಂಡಿದ ಕೂಡಲೇ ಜೇನಿನಂತಿದ್ದ ರಸ ನಾಲ್ಕು ಗಂಟೆ ಕಳೆದ ಮೇಲೆ ನಾಲಿಗೆಯ ಹಿಂಭಾಗ ಹಿಡಿಯುವುದು ಇದರಿಂದಲೇ. ಬಿಸಿ ತಾಗಿದರೆ ಆ ಕೆಲಸ ಇನ್ನೂ ಬೇಗ ಆಗುತ್ತದೆ. ಬೀಜದಲ್ಲಂತೂ ಕಹಿ ತುಂಬಿದೆ. ನೀವು ಮಿಕ್ಸಿಯಲ್ಲಿ ಬೀಜ, ಪೊರೆ, ಬಿಳಿ ನಾರು ಎಲ್ಲವನ್ನೂ ಅರೆದು ಅರ್ಧ ಗಂಟೆ ಕುದಿಸಿದಿರಿ. ಕಹಿಗೆ ಬೇಕಾದ ಅನುಕೂಲಗಳೆಲ್ಲ ಒಟ್ಟಿಗೆ ಒದಗಿದವು.

ಹಾಗಾದರೆ ಹಿಂಡುವುದು ಹೇಗೆ? ನಮ್ಮ ಕಿತ್ತಳೆಯ ಸಿಪ್ಪೆ ಸಡಿಲ. ಅರ್ಧಕ್ಕೆ ಕತ್ತರಿಸಿ ಹಿಂಡುವ ಉಪಕರಣದ ಮೇಲೆ ತಿರುಗಿಸಿದರೆ ಸಿಪ್ಪೆಯೇ ಜಾರಿ ಬರುತ್ತದೆ, ಬಿಳಿ ಭಾಗ ರಸಕ್ಕೆ ಬೀಳುತ್ತದೆ. ನಾನು ಮಾಡುವುದು ಹೀಗೆ. ಹಣ್ಣನ್ನು ಹಿಂದಿನ ರಾತ್ರಿಯೇ ಫ್ರಿಜ್ಜಿನಲ್ಲಿಟ್ಟು ತಣ್ಣಗಾಗಿಸುತ್ತೇನೆ. ಸಿಪ್ಪೆ ಸುಲಿದು, ನಡುವಿನ ಬಿಳಿ ದಂಟನ್ನು ಎಳೆದು ತೆಗೆದು, ಹತ್ತು ಹನ್ನೆರಡು ಹಣ್ಣಿನ ತೊಳೆಗಳನ್ನು ತೆಳುವಾದ ಮಲ್ ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟುತ್ತೇನೆ. ಪಾತ್ರೆಯ ಮೇಲೆ ಹಿಡಿದು, ಹಿಟ್ಟು ನಾದುವ ಹಾಗೆ ಬೆರಳುಗಳಿಂದ ಮೆಲ್ಲನೆ ಒತ್ತುತ್ತಾ ಹೋದರೆ ತೊಳೆಗಳು ಒಂದೊಂದಾಗಿ ಸಿಡಿದು ರಸ ಬೆರಳ ಸಂದಿನಿಂದ ಇಳಿಯುತ್ತದೆ. ಬೀಜ ಪೊರೆಗಳು ಬಟ್ಟೆಯಲ್ಲೇ ಉಳಿಯುತ್ತವೆ. ಕೊನೆಯ ಹನಿ ಬರಲೆಂದು ಬಟ್ಟೆಯನ್ನು ತಿರುಚಬೇಡಿ, ಕಹಿ ಇಳಿಯುವುದು ಆ ಕೊನೆಯ ತಿರುಚಿನಲ್ಲೇ. ಹಾಗೆ ಉಳಿದ ಗಂಟು ಗೊಬ್ಬರದ ಗುಂಡಿಗೆ ಹೋಗಲಿ.

ಹಣ್ಣಿನ ಆಯ್ಕೆಯೂ ಮುಖ್ಯ. ಕೊಡಗಿನ ಕಿತ್ತಳೆ ಚೆನ್ನಾಗಿ ಹಣ್ಣಾದಾಗಲೂ ಸಿಪ್ಪೆಯಲ್ಲಿ ಸ್ವಲ್ಪ ಹಸಿರು ಉಳಿಸಿಕೊಂಡಿರುತ್ತದೆ, ಬಣ್ಣ ನೋಡಿ ಮೋಸಹೋಗಬೇಡಿ. ಕೈಯಲ್ಲಿ ಹಿಡಿದಾಗ ಭಾರವಿರಬೇಕು, ತೊಟ್ಟಿನ ಬಳಿ ಒತ್ತಿದರೆ ಸಿಪ್ಪೆ ಒಳಗಿನಿಂದ ಬಿಟ್ಟುಕೊಂಡ ಅನುಭವ ಆಗಬೇಕು. ಹಣ್ಣು ಮಾಗಿದಷ್ಟೂ ಈ ಕಹಿಯ ಅಂಶ ಇಳಿಯುತ್ತದೆ, ಆದ್ದರಿಂದ ಡಿಸೆಂಬರ್ ಕೊನೆಯ ಹಣ್ಣು ನಿಮ್ಮ ಪ್ರಯೋಗದ ಹಣ್ಣಿಗಿಂತ ಖಂಡಿತ ಮೇಲು. ಮಳೆಗಾಲದ ಬೆಳೆ ನೀರು ನೀರಾಗಿ ಹುಳಿಯಾಗಿರುತ್ತದೆ, ಅದನ್ನು ಇಂಥ ಕೆಲಸಕ್ಕೆ ಬಳಸಲೇಬಾರದು. ಇನ್ನೊಂದು ಮಾತು: ಮರದಿಂದ ಮರಕ್ಕೆ ವ್ಯತ್ಯಾಸ ಇರುತ್ತದೆ. ಮದುವೆಗೆ ಹತ್ತು ದಿನ ಮೊದಲು ನಾಲ್ಕೈದು ಮರಗಳಿಂದ ಎರಡೆರಡು ಹಣ್ಣು ತಂದು, ಬೇರೆ ಬೇರೆ ಲೋಟದಲ್ಲಿ ಹಿಂಡಿ, ನಾಲ್ಕು ಗಂಟೆ ಮೇಜಿನ ಮೇಲೆ ಬಿಟ್ಟು ರುಚಿ ನೋಡಿ. ಯಾವ ಲೋಟ ಸಿಹಿಯಾಗಿ ಉಳಿದಿದೆಯೋ ಆ ಮರಕ್ಕೊಂದು ದಾರ ಕಟ್ಟಿ. ಕಾಫಿಯ ನೆರಳಿಗೆ ನಿಂತ ಕಿತ್ತಳೆ ಮರಗಳು ರೋಗಕ್ಕೆ ಸೋತು ನಮ್ಮ ತೋಟಗಳಲ್ಲಿ ಎಷ್ಟು ಕಡಿಮೆಯಾಗಿವೆ ಎಂಬುದು ನಿಮಗೂ ಗೊತ್ತು. ಒಳ್ಳೆಯ ಹಣ್ಣು ಕೊಡುವ ಮರ ಯಾವುದೆಂದು ಮನೆಯವರಿಗೆ ತಿಳಿದಿರುವುದು ಮದುವೆಯಾಚೆಗೂ ಉಪಯೋಗದ ಸಂಗತಿ.

ಕಿತ್ತಳೆ ಒಂದನ್ನೇ ನಂಬಿದರೆ ಪಾನಕ ಸಪ್ಪೆಯಾಗುತ್ತದೆ, ಏಕೆಂದರೆ ನಮ್ಮ ಹಣ್ಣಿನ ಗುಣ ಸೌಮ್ಯ. ಅದಕ್ಕೆ ಜೊತೆಯಾಗಿ ಪ್ಯಾಶನ್ ಹಣ್ಣಿನ ರಸ ಸೇರಿಸಿ. ಕೆಲವರು ಶರಬತ್ತು ಹಣ್ಣೆಂದು ಕರೆಯುವುದು ಇದನ್ನೇ. ನಮ್ಮ ಜಿಲ್ಲೆಯ ಮಟ್ಟಿಗೆ ಇದಕ್ಕೊಂದು ಹೆಮ್ಮೆಯ ಸಂಬಂಧವೂ ಇದೆ. ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ ನೇರಳೆ ಮತ್ತು ಹಳದಿ ಜಾತಿಗಳನ್ನು ಕೂಡಿಸಿ ‘ಕಾವೇರಿ’ ಎಂಬ ಮಿಶ್ರತಳಿಯನ್ನು ಕೊಟ್ಟಿತು. ನೇರಳೆ ಹಣ್ಣಿನಲ್ಲಿ ಪರಿಮಳ ಹೆಚ್ಚು, ಹಳದಿಯಲ್ಲಿ ಹುಳಿ ಹೆಚ್ಚು. ಸಿಪ್ಪೆ ಸ್ವಲ್ಪ ಸುಕ್ಕುಗಟ್ಟಿದ ಹಣ್ಣೇ ಸಿಹಿ, ನುಣ್ಣಗೆ ಹೊಳೆಯುವುದನ್ನು ಎರಡು ದಿನ ಬುಟ್ಟಿಯಲ್ಲಿ ಬಿಡಿ. ಹಸಿರು ಕಾಯಿ ಮಾತ್ರ ಬೇಡವೇ ಬೇಡ, ಎಳೆಯ ಕಾಯಿಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶ ಇರುತ್ತದೆ.

ಇದರ ಬೀಜಕ್ಕೆ ಅಂಟಿಕೊಂಡ ತಿರುಳನ್ನು ಬಿಡಿಸಲು ಮಿಕ್ಸಿ ಬಳಸಿದರೆ ಬೀಜ ನುರಿದು ಕಪ್ಪು ಚುಕ್ಕೆಯೂ ಒಗರೂ ಸೇರುತ್ತವೆ. ಆಳವಾದ ಪಾತ್ರೆಗೆ ತಿರುಳನ್ನು ಚಮಚದಿಂದ ಕೆರೆದು ಹಾಕಿ, ಒಂದು ಹಿಡಿ ಸಕ್ಕರೆ ಬೆರೆಸಿ, ಹತ್ತು ನಿಮಿಷ ಬಿಟ್ಟು, ಮಜ್ಜಿಗೆ ಕಡೆಯುವ ಕಡೆಗೋಲಿನಿಂದ ಎರಡು ನಿಮಿಷ ಕಡೆಯಿರಿ. ತಿರುಳಿನ ಚೀಲಗಳು ಬೀಜದಿಂದ ಜಾರಿ ಬಿಟ್ಟುಕೊಳ್ಳುತ್ತವೆ, ಆಮೇಲೆ ಜರಡಿಯಲ್ಲಿ ಸೋಸುವುದು ಸುಲಭ. ಈ ರಸವನ್ನೂ ಕಾಯಿಸಬಾರದು. ಪರಿಮಳ ಹಾರಿಹೋಗುವುದು ಒಂದು ಕಾರಣ. ಇದರಲ್ಲಿ ಪಿಷ್ಟವೂ ಇರುವುದರಿಂದ ಬಿಸಿಗೆ ಗಂಜಿಯಂತೆ ಅಂಟಂಟಾಗುತ್ತದೆ, ಅದು ಇನ್ನೊಂದು. ಆದರೆ ಮುಂಚಿತವಾಗಿ ತೆಗೆದು ಫ್ರೀಜರಿನಲ್ಲಿ ಇಡಬಹುದು, ಗುಣ ಕೆಡುವುದಿಲ್ಲ. ಕಿತ್ತಳೆಗೆ ಆ ಅನುಕೂಲ ಇಲ್ಲ. ಗಟ್ಟಿಯಾಗಿ ಕರಗಿದ ಕಿತ್ತಳೆ ರಸ ಕಹಿಗೆ ತಿರುಗುತ್ತದೆ. ಅದನ್ನು ಆ ದಿನವೇ ಹಿಂಡಬೇಕು.

ಸೊಪ್ಪಿನ ಪಾತ್ರೆಗೆ ಮಜ್ಜಿಗೆ ಹುಲ್ಲು ಒಳ್ಳೆಯ ಆಯ್ಕೆ, ಅದನ್ನು ಬದಲಿಸಬೇಡಿ. ಅದರ ನಿಂಬೆಯಂಥ ವಾಸನೆ ಬರುವುದು ಸಿಟ್ರಾಲ್ ಎಂಬ ಎಣ್ಣೆಯ ಅಂಶದಿಂದ. ತೆರೆದ ಪಾತ್ರೆಯಲ್ಲಿ ಅರ್ಧ ಗಂಟೆ ಕುದಿಸಿದರೆ ಅದು ಹಬೆಯ ಜೊತೆ ಹೊರಟುಹೋಗುತ್ತದೆ. ಅಡುಗೆಮನೆ ಘಮಘಮ ಎನ್ನುತ್ತದೆ, ಪಾನಕದಲ್ಲಿ ಏನೂ ಉಳಿಯುವುದಿಲ್ಲ. ಎಲೆಗಳನ್ನು ತೊಳೆದು, ಗಂಟು ಹಾಕಿ, ಕುಟ್ಟಾಣಿಯ ಹಿಡಿಯಿಂದ ನಾಲ್ಕು ಏಟು ಹೊಡೆದು, ಈಗಷ್ಟೇ ಒಲೆಯಿಂದ ಇಳಿಸಿದ ನೀರಿಗೆ ಹಾಕಿ ಮುಚ್ಚಿ. ಹತ್ತು ನಿಮಿಷ ಸಾಕು. ಮುಚ್ಚಳದ ಒಳಗಡೆ ಕಟ್ಟಿದ ಹನಿಗಳನ್ನೂ ಪಾತ್ರೆಗೇ ಕೊಡವಿ, ಪರಿಮಳ ಹೆಚ್ಚಾಗಿ ಇರುವುದು ಅದರಲ್ಲೇ. ಪುದೀನಕ್ಕೆ ಬಿಸಿಯೇ ಬೇಡ. ಬಿಸಿಗೆ ಅದರ ಹಸಿರು ಮಂಕಾಗಿ, ಬೇಯಿಸಿದ ಸೊಪ್ಪಿನ ವಾಸನೆ ಬರುತ್ತದೆ. ಬಡಿಸುವ ಮೊದಲು ಅಂಗೈಯಲ್ಲಿಟ್ಟು ಒಮ್ಮೆ ತಟ್ಟಿ ಲೋಟಕ್ಕೆ ಒಂದು ಕುಡಿ ಹಾಕಿದರೆ ಆಯಿತು. ನಿಜ ಹೇಳಬೇಕೆಂದರೆ ಮಜ್ಜಿಗೆ ಹುಲ್ಲು ಇರುವಾಗ ಪುದೀನ ಅನಗತ್ಯ. ಒಂದು ಪಾನಕಕ್ಕೆ ಒಂದು ಸೊಪ್ಪು, ಒಂದು ಹೂವು ಇದ್ದರೆ ಕುಡಿಯುವವರಿಗೆ ಅದು ಏನೆಂದು ಗೊತ್ತಾಗುತ್ತದೆ.

ಎಲ್ಲ ಸೊಪ್ಪಿಗೂ ಇದೇ ನಿಯಮ ಎಂದುಕೊಳ್ಳಬೇಡಿ. ಆಗಸ್ಟ್ 3ರ ಸುಮಾರಿಗೆ ಬರುವ, ಕೊಡಗಿನ ಕಕ್ಕಡ ತಿಂಗಳ ಹದಿನೆಂಟರಂದು ನಾವೆಲ್ಲ ಮದ್ದು ಸೊಪ್ಪು ಬಳಸುತ್ತೇವಲ್ಲ, ಅದಕ್ಕೆ ದೀರ್ಘ ಕುದಿ ಬೇಕು. ಕುದಿಯುತ್ತಾ ಹೋದಂತೆ ನೀರು ಕಡು ನೇರಳೆಗೆ ತಿರುಗಿ ಆ ವಿಶಿಷ್ಟ ವಾಸನೆ ಮನೆ ತುಂಬುತ್ತದೆ. ಆ ನೀರಿನಲ್ಲೇ ಪಾಯಸ ಮಾಡುತ್ತೇವೆ. ಅಲ್ಲಿ ನಮಗೆ ಬೇಕಾದ ಬಣ್ಣ ಎಲೆಯೊಳಗೆ ಗಟ್ಟಿಯಾಗಿ ಕೂತಿದೆ, ಮಜ್ಜಿಗೆ ಹುಲ್ಲಿನಲ್ಲಿ ಬೇಕಾದದ್ದು ಹಾರಿಹೋಗುವ ಎಣ್ಣೆ. ನಮ್ಮ ಅಜ್ಜಿಯರು ಯಾವುದನ್ನು ಎಷ್ಟು ಹೊತ್ತು ಬೇಯಿಸುತ್ತಿದ್ದರು ಎಂದು ನೆನಪಿಸಿಕೊಂಡರೆ ಈ ತಿಳಿವಳಿಕೆಯೆಲ್ಲ ಅಲ್ಲೇ ಇದೆ.

ಶುಂಠಿ ಸೇರಿಸುವುದಾದರೆ ತುರಿದು ಹಿಂಡಿದ ರಸವನ್ನು ಲೋಟದಲ್ಲಿ ಇಪ್ಪತ್ತು ನಿಮಿಷ ಅಲುಗಿಸದೆ ಇಡಿ. ತಳದಲ್ಲಿ ಬಿಳಿ ಪಿಷ್ಟ ಸುಣ್ಣದಂತೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಳ್ಳಿ.

ಹೂವಿನ ವಿಚಾರ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ತಪ್ಪಾದರೆ ಅಪಾಯವಿರುವುದು ಇಲ್ಲಿಯೇ. ನೀವು ದಾಸವಾಳ ಆರಿಸಿದ್ದು ಸರಿ, ಐದು ಎಸಳಿನ ಕೆಂಪು ದಾಸವಾಳವೇ ಒಳ್ಳೆಯದು. ಹಸಿರು ತೊಟ್ಟನ್ನೂ ನಡುವಿನ ಕೇಸರದ ಕಡ್ಡಿಯನ್ನೂ ತೆಗೆದು ಎಸಳನ್ನು ಮಾತ್ರ ಬಳಸಿ. ಕುದಿಸಿದರೆ ಎಸಳಿನ ಲೋಳೆ ಬಿಟ್ಟುಕೊಂಡು ಪಾನಕ ಗೊಜ್ಜಾಗುತ್ತದೆ. ಬಿಸಿನೀರಿನಲ್ಲಿ ಐದು ನಿಮಿಷ ಅದ್ದಿ ಸೋಸಿದರೆ ಮಂಕು ನೇರಳೆ ನೀರು ಸಿಗುತ್ತದೆ. ನೋಡಿದರೆ ನಿರಾಸೆಯಾಗುವ ಬಣ್ಣ. ಅದಕ್ಕೆ ಅರ್ಧ ಹೋಳು ನಿಂಬೆ ಹಿಂಡಿ, ಕಣ್ಣೆದುರಿಗೇ ಅದು ಮಾಣಿಕ್ಯದ ಕೆಂಪಾಗುತ್ತದೆ. ಹೂವಿನ ಬಣ್ಣವಾದ ಆಂಥೋಸಯನಿನ್ ಹುಳಿಯಲ್ಲಿ ಕೆಂಪು, ಹುಳಿ ಇಲ್ಲದಲ್ಲಿ ನೀಲಿ ನೇರಳೆ. ಶಂಖಪುಷ್ಪದ ನೀಲಿ ನೀರು ನಿಂಬೆಗೆ ನೇರಳೆಯಾಗುವುದೂ ಇದೇ ಗುಣದಿಂದ. ಈ ಬಣ್ಣ ದೀರ್ಘ ಬಿಸಿಗೆ ತಡೆಯುವುದಿಲ್ಲ, ಕಂದಾಗುತ್ತದೆ. ಅದರ ಮೇಲೆ ಕಿತ್ತಳೆಯ ಹಳದಿಗೆ ಸೇರಿದರೆ ಮಣ್ಣಿನ ಬಣ್ಣ ಬರುತ್ತದೆ. ನಿಮ್ಮ ಬಾಟಲಿಯ ಕಂದಿಗೆ ಎರಡೂ ಕಾರಣ.

ಆದ್ದರಿಂದ ದಾಸವಾಳವನ್ನು ಪಾನಕಕ್ಕೆ ಬೆರೆಸಬೇಡಿ, ಮಂಜುಗಡ್ಡೆ ಮಾಡಿ. ಕುದಿಸಿ ಇಳಿಸಿದ ನೀರಿನಲ್ಲಿ ಎಸಳು ಅದ್ದಿ, ಸೋಸಿ, ನಿಂಬೆ ಹಿಂಡಿ, ಐಸ್ ಟ್ರೇಗಳಲ್ಲಿ ಗಟ್ಟಿ ಮಾಡಿಡಿ. ಕಿತ್ತಳೆ ಪಾನಕದ ಲೋಟಕ್ಕೆ ಎರಡು ಕೆಂಪು ಗಡ್ಡೆ ಹಾಕಿ ಕೊಟ್ಟರೆ ಅದು ತೇಲಿ ಕರಗುತ್ತಾ ಮೇಲಿನಿಂದ ಕೆಳಕ್ಕೆ ಎಳೆ ಎಳೆಯಾಗಿ ಕೆಂಪು ಹರಡುತ್ತದೆ. ಮಕ್ಕಳು ಕುಡಿಯುವುದನ್ನೇ ಮರೆತು ನೋಡುತ್ತಾ ನಿಲ್ಲುತ್ತಾರೆ. ಗರ್ಭಿಣಿಯರಿಗೆ ದಾಸವಾಳ ಬೇಡ ಎಂಬ ಎಚ್ಚರಿಕೆ ನಮ್ಮಲ್ಲಿ ಮೊದಲಿನಿಂದಲೂ ಇದೆ, ಅದನ್ನು ಪಾಲಿಸುವುದೇ ಸರಿ. ಅತ್ತಿಗೆಯ ಲೋಟಕ್ಕೆ ಬರಿಯ ನೀರಿನ ಗಡ್ಡೆಯೊಳಗೆ ಒಂದು ಗುಲಾಬಿ ಎಸಳು ಇಟ್ಟು ಬೇರೆ ಟ್ರೇ ಮಾಡಿ.

ಗುಲಾಬಿ ಎಂದರೆ ನಾಟಿ ಪನ್ನೀರು ಗುಲಾಬಿ, ಮನೆಯಂಗಳದ್ದು. ಅಂಗಡಿಯ ಹೂವಿಗೆ ಹೊಡೆಯುವ ಔಷಧಿ ತಿನ್ನುವ ಬೆಳೆಗೆ ಹೊಡೆಯುವಂಥದ್ದಲ್ಲ, ಹಾರಕ್ಕೆ ತಂದದ್ದರಲ್ಲಿ ಉಳಿದುದನ್ನು ಲೋಟಕ್ಕೆ ಹಾಕುವ ಯೋಚನೆಯೇ ಬೇಡ. ನಿಮ್ಮ ತೋಟದಲ್ಲೂ ಕಾಫಿಗೆ, ಮೆಣಸಿನ ಬಳ್ಳಿಗೆ ಬೋರ್ಡೋ ದ್ರಾವಣ ಹೊಡೆದಿದ್ದರೆ ಆ ಹನಿ ಬೀಳುವಷ್ಟು ಹತ್ತಿರದ ಹೂವು ಸೊಪ್ಪುಗಳನ್ನು ಬಿಟ್ಟುಬಿಡಿ. ಮಡಿಕೇರಿ ಕಡೆಯ ಮನೆಯಂಗಳಗಳಲ್ಲಿ ತಲೆಕೆಳಗಾಗಿ ತೂಗುವ ದೊಡ್ಡ ಗಂಟೆಯಂಥ ಹೂವು ಇದೆಯಲ್ಲ, ಸಂಜೆಗೆ ಘಮ್ಮೆನ್ನುವಂಥದ್ದು, ಅದು ಉಮ್ಮತ್ತಿಯ ನೆಂಟ, ಪೂರ್ತಿ ವಿಷ. ಕಣಗಿಲೆಯ ಪ್ರತಿಯೊಂದು ಭಾಗವೂ ವಿಷ. ಹೈಡ್ರೇಂಜಿಯಾ, ಲಂಟಾನ ಕೂಡ ಬೇಡ. ಲೋಟದ ಅಂಚಿಗೆ ಅಲಂಕಾರಕ್ಕಾಗಿಯೂ ಇವನ್ನು ಸಿಕ್ಕಿಸಬಾರದು. ಒಮ್ಮೆ ನಾನು ಹೋಗಿದ್ದ ಒಂದು ಸಮಾರಂಭದಲ್ಲಿ ಪಾನಕದ ಬೋಗುಣಿಯ ಮೇಲೆ ಚೆಂದಕ್ಕೆಂದು ಕೆಂಪು ಕಣಗಿಲೆ ತೇಲಿಬಿಟ್ಟಿದ್ದರು. ಬೋಗುಣಿಯನ್ನು ಅಲ್ಲಿಂದ ಎತ್ತಿಸುವವರೆಗೆ ನನಗೆ ಕೈಕಾಲು ಆಡಲಿಲ್ಲ. ಗುರುತು ಖಚಿತವಿಲ್ಲದ ಹೂವನ್ನು ಎಷ್ಟೇ ಚೆಂದವಿದ್ದರೂ ಅಡುಗೆಮನೆಯೊಳಗೆ ತರಬೇಡಿ.

ಡಿಸೆಂಬರಿಗೆ ಸಿಗದ ಒಂದು ಹೂವಿನ ಮಾತನ್ನು ಹೇಳದೆ ಇರಲಾರೆ. ಹೂಮಳೆ ಬಿದ್ದು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗಿ ಮಲ್ಲಿಗೆಯಂಥ ಪರಿಮಳ ರಸ್ತೆಯವರೆಗೆ ಬರುತ್ತದಲ್ಲ, ಆ ಕಾಫಿ ಹೂವು. ಗಿಡದಿಂದ ಕೀಳಬೇಡಿ, ಬೆಳೆ ಹೋಗುತ್ತದೆ. ರೊಬಸ್ಟಾಕ್ಕೆ ಪರಪರಾಗಸ್ಪರ್ಶ ಬೇಕು, ಜೇನು ಓಡಾಡುವ ಹೊತ್ತಿನಲ್ಲಿ ರೆಂಬೆ ಅಲುಗಿಸುವುದೂ ಬೇಡ. ಎರಡು ಮೂರು ದಿನದಲ್ಲಿ ಕೆಲಸ ಮುಗಿಸಿದ ಎಸಳು ತಾನಾಗಿ ಸಡಿಲವಾಗುತ್ತದೆ. ಬುಡಕ್ಕೆ ಹಳೆಯ ಪಂಚೆ ಹಾಸಿ, ಇನ್ನೂ ಬೆಳ್ಳಗಿರುವಾಗಲೇ ಬಿದ್ದದ್ದನ್ನು ಆರಿಸಿ, ನೆರಳಿನಲ್ಲಿ ಒಣಗಿಸಿ ಡಬ್ಬಿಗೆ ತುಂಬಿ. ಬಿಸಿನೀರಿನಲ್ಲಿ ಒಂದು ಚಮಚ ಅದ್ದಿ, ಆರಿದ ಮೇಲೆ ಕೊಡಗಿನ ಜೇನು ಬೆರೆಸಿ ಕುಡಿದು ನೋಡಿ. ಮುಂದಿನ ವರ್ಷ ಮನೆಯಲ್ಲಿ ಇನ್ನೊಂದು ಮದುವೆ ಇದ್ದರೆ ನನಗೂ ಬರೆಯಿರಿ. ಒಂದು ವರ್ಷದೊಳಗಿನ ಕೂಸಿಗೆ ಮಾತ್ರ ಜೇನು ಬೆರೆತ ಯಾವುದನ್ನೂ ನೆಕ್ಕಿಸಬಾರದು.

ಈಗ ಎಂಬತ್ತು ಜನರ ಲೆಕ್ಕ. ಒಬ್ಬರಿಗೆ 150 ಮಿಲಿಲೀಟರಿನ ಎರಡು ಲೋಟ ಎಂದರೆ 24 ಲೀಟರ್ ಬೇಕು. ಅದರಲ್ಲಿ ಕಿತ್ತಳೆ ರಸ 8 ಲೀಟರ್. ಮಧ್ಯಮ ಗಾತ್ರದ ಹಣ್ಣಿಗೆ 45 ಮಿಲಿಲೀಟರ್ ಹಿಡಿದರೆ 180 ಹಣ್ಣು; ಹಾಳಾದದ್ದು, ಮಕ್ಕಳು ತಿಂದದ್ದು ಸೇರಿಸಿ ಇನ್ನೂರು ಕೊಯ್ಯಿಸಿ. ನಾಲ್ಕು ಜನ ಕೂತರೆ ಒಂದೂವರೆ ಗಂಟೆಯ ಕೆಲಸ. ಪ್ಯಾಶನ್ ಹಣ್ಣಿನ ಸೋಸಿದ ರಸ 1 ಲೀಟರ್, ಹಣ್ಣಿನ ಗಾತ್ರ ನೋಡಿಕೊಂಡು ಐವತ್ತು ಅರವತ್ತು ಹಣ್ಣು ಬೇಕಾದೀತು. ಮಜ್ಜಿಗೆ ಹುಲ್ಲಿನ ನೀರು 3 ಲೀಟರ್, ಲೀಟರಿಗೆ ಒಂದು ದೊಡ್ಡ ಹಿಡಿಯಂತೆ. ಒಂದೂವರೆ ಕಿಲೋ ಸಕ್ಕರೆಗೆ ಮುಕ್ಕಾಲು ಲೀಟರ್ ನೀರು ಹಾಕಿ, ಕರಗಿ ಒಂದು ಕುದಿ ಬಂದ ಕೂಡಲೇ ಇಳಿಸಿದ ಪಾಕ. ಉಳಿದದ್ದು ಕುದಿಸಿ ಆರಿಸಿದ ನೀರು, ಸುಮಾರು 10 ಲೀಟರ್. ಶುಂಠಿ ತಿಳಿ ಅರ್ಧ ಲೋಟ, ಉಪ್ಪು ಎರಡು ಚಮಚ. ಉಪ್ಪನ್ನು ಬಿಡಬೇಡಿ, ನಾಲಿಗೆಗೆ ಉಪ್ಪೆಂದು ತಿಳಿಯದಷ್ಟು ಹಾಕಿದರೂ ಅಷ್ಟಿಷ್ಟು ಉಳಿದ ಕಹಿಯನ್ನು ಅದು ಮರೆಸುತ್ತದೆ. ಪಾಕವನ್ನು ಮಾತ್ರ ಒಮ್ಮೆಲೇ ಸುರಿಯಬೇಡಿ. ಮುಕ್ಕಾಲು ಪಾಲು ಹಾಕಿ, ಒಂದು ಲೋಟ ತೆಗೆದು ಐಸ್ ಹಾಕಿ ತಣ್ಣಗೆ ಮಾಡಿ ರುಚಿ ನೋಡಿ. ತಣ್ಣಗಿರುವಾಗ ಸಿಹಿ ಕಡಿಮೆ ಅನ್ನಿಸುತ್ತದೆ, ಬಿಸಿಯಲ್ಲೇ ನೋಡಿ ನಿರ್ಧರಿಸಿದರೆ ಲೆಕ್ಕ ತಪ್ಪುತ್ತದೆ.

ಕಿತ್ತಳೆಯ ಪರಿಮಳ ಇನ್ನೂ ಮುಂದೆ ಬರಬೇಕೆಂದರೆ, ಔಷಧಿ ಹೊಡೆಯದ ಹತ್ತು ಹಣ್ಣಿನ ಸಿಪ್ಪೆಯ ಒಳಗಿನ ಬಿಳಿಯನ್ನು ಚಮಚದಿಂದ ಕೆರೆದು ತೆಗೆಯಿರಿ. ಆ ಸಿಪ್ಪೆಯನ್ನು ಪಾಕಕ್ಕಿಟ್ಟ ಸಕ್ಕರೆಯಲ್ಲಿ ಹಾಕಿ ಕೈಯಿಂದ ಉಜ್ಜಿ ಒಂದು ಗಂಟೆ ಮುಚ್ಚಿಡಿ. ಸಕ್ಕರೆ ಸಿಪ್ಪೆಯ ಎಣ್ಣೆಯನ್ನು ಎಳೆದುಕೊಂಡು ಒದ್ದೆಯಾಗಿ ಹಳದಿಯಾಗುತ್ತದೆ. ಸಿಪ್ಪೆ ಎತ್ತಿ ಹಾಕಿ, ಆ ಸಕ್ಕರೆಯಲ್ಲೇ ಪಾಕ ಮಾಡಿ.

ಪಾತ್ರೆಯ ವಿಚಾರದಲ್ಲಿ ಮದುವೆ ಮನೆಗಳಲ್ಲಿ ಆಗುವ ತಪ್ಪನ್ನು ನೀವು ಮಾಡಬೇಡಿ. ಚೆಂದ ಕಾಣುತ್ತದೆಂದು ಕಲಾಯಿ ಇಲ್ಲದ ತಾಮ್ರದ, ಹಿತ್ತಾಳೆಯ ಕೊಳಗದಲ್ಲಿ ಹುಳಿ ಪಾನಕ ತುಂಬುತ್ತಾರೆ. ಹುಳಿಗೆ ಲೋಹ ಕರಗಿ ಹೊಟ್ಟೆ ಕೆಡುತ್ತದೆ. ಅಲ್ಯೂಮಿನಿಯಂ ಕೂಡ ಸರಿಯಲ್ಲ. ಸ್ಟೀಲ್ ಇರಲಿ, ಗಾಜು ಇರಲಿ, ಮಣ್ಣಿನ ಹೂಜಿಯಾದರೆ ಇನ್ನೂ ಚೆಂದ. ಬೆರೆಸಿದ ಮೇಲೆ ಪಾತ್ರೆಯನ್ನು ಐಸ್ ತುಂಬಿದ ದೊಡ್ಡ ಕಡಾಯಿಯೊಳಗೆ ನಿಲ್ಲಿಸಿ. ಎಲ್ಲವನ್ನೂ ಒಂದೇ ಸಲ ಬೆರೆಸುವ ಬದಲು ಮೂರು ಸರದಿಯಲ್ಲಿ ಎಂಟೆಂಟು ಲೀಟರ್ ಮಾಡಿ, ಪ್ರತಿ ಸರದಿಯೂ ಎರಡು ಗಂಟೆಯೊಳಗೆ ಮುಗಿಯಲಿ. ಉಳಿದರೆ ಬಾಟಲಿಗೆ ತುಂಬಿ ಇಡುವ ಆಸೆ ಬೇಡ.

ಸಿಹಿ ಎಂದರೆ ಮುಖ ತಿರುಗಿಸುವ ಹಿರಿಯರು ಎಲ್ಲ ಮನೆಯಲ್ಲೂ ಇರುತ್ತಾರೆ. ಲೋಟ ಹಿಡಿದು ನಿಧಾನವಾಗಿ ಹೀರುವಂಥದ್ದು ಅವರಿಗೆ ಬೇಕು, ಒಂದೇ ಗುಟುಕಿಗೆ ಇಳಿದುಹೋಗುವ ಜ್ಯೂಸ್ ಅಲ್ಲ. ಅದಕ್ಕೆ ಖಾರ, ಒಗರು, ಹೊಗೆಯ ವಾಸನೆ ಏನಾದರೂ ಇರಬೇಕು. ನಾನು ಅವರಿಗೆ ಬೇರೆಯೇ ಒಂದನ್ನು ಮಾಡುತ್ತೇನೆ. ಒಂದು ಲೋಟ ತಣ್ಣೀರಿಗೆ ಎರಡು ಚಮಚ ಬೆಲ್ಲದ ನೀರು, ನಾಲ್ಕೈದು ಹನಿ ಕಾಚಂಪುಳಿ (ಹಣ್ಣಿನ ರಸ ಬತ್ತಿಸಿ ಮಾಡುವ ಕೊಡಗಿನ ಕಪ್ಪು ಹುಳಿ), ಜಜ್ಜಿದ ಅರ್ಧ ಗಾಂಧಾರಿ ಮೆಣಸು, ಚಿಟಿಕೆ ಉಪ್ಪು. ಐದು ನಿಮಿಷ ಬಿಟ್ಟು ಸೋಸಿದರೆ ಆಯಿತು. ಪಂದಿ ಕರಿಗೆ ಮಾತ್ರ ಕಾಚಂಪುಳಿ ಎಂದುಕೊಂಡವರು ಮೊದಲ ಗುಟುಕಿಗೆ ಹುಬ್ಬೇರಿಸುತ್ತಾರೆ, ಎರಡನೆಯ ಲೋಟವನ್ನು ತಾವೇ ಕೇಳುತ್ತಾರೆ. ಕಾಚಂಪುಳಿ ಬಹಳ ಗಟ್ಟಿ ಹುಳಿ, ಚಮಚದಲ್ಲಿ ಅಳೆಯಬೇಡಿ, ಹನಿ ಎಣಿಸಿ ಹಾಕಿ.

ಸೋಡಾ ಬೆರೆಸಬಹುದೇ ಎಂದು ಯಾರಾದರೂ ಕೇಳಿದರೆ ಬೆರೆಸಬಹುದು. ಹತ್ತು ಲೀಟರ್ ನೀರಿನಲ್ಲಿ ನಾಲ್ಕು ಲೀಟರ್ ಕಡಿಮೆ ಮಾಡಿ, ಚೆನ್ನಾಗಿ ತಣ್ಣಗಾದ ಸೋಡಾವನ್ನು ಲೋಟದ ಬದಿಯಿಂದ ಇಳಿಸಿ, ಕಲಕದೆ ಕೊಡಿ. ಅತ್ತಿಗೆಗೆ ಎದೆಯುರಿ ಇದ್ದರೆ ಅವರ ಲೋಟಕ್ಕೆ ಸೋಡಾ, ಶುಂಠಿ ಎರಡೂ ಬೇಡ, ಪ್ಯಾಶನ್ ಹಣ್ಣಿನ ಹುಳಿಯನ್ನೂ ಅರ್ಧಕ್ಕೆ ಇಳಿಸಿ. ಅವರಿಗೆಂದು ಮೊದಲ ಸರದಿಯಲ್ಲೇ ಒಂದು ಸಣ್ಣ ಹೂಜಿ ತೆಗೆದಿಡಿ, ಗಲಾಟೆಯಲ್ಲಿ ಮರೆತುಹೋಗುತ್ತದೆ.